ಡಿಸ್ಕಿನಲ್ಲಿ ಉಳಿದ ಜಾಗ

ಅಳಿಯನಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ. ಫ್ರಿಜ್ಜಿನ ಮೂಲೆಯಾಗಲಿ, ಸೂಟ್‌ಕೇಸಿನ ಸಂದಿಯಾಗಲಿ, ಏನಾದರೂ ತುರುಕಿದರೇ ಸಮಾಧಾನ. ಮನೆಯ ಸೀಡಿಯೊಂದರಲ್ಲಿ ಅರ್ಧ ಜಾಗ ಉಳಿದಿದೆಯೆಂದು ವಾಷಿಂಗ್ ಮಷಿನ್ನಿನ ಗ್ಯಾರಂಟಿ ಕಾಗದಗಳನ್ನು ಸ್ಕ್ಯಾನ್ ಮಾಡಿ ಅದಕ್ಕೇ ಹಾಕಿದ. ಹಳೆಯ ಫೈಲುಗಳನ್ನೂ ಸೇರಿಸಿಕೊಳ್ಳಬೇಕೆ ಎಂದು ಕಂಪ್ಯೂಟರ್ ಕೇಳಿತ್ತು. ಅವು ಹೇಗೂ ಅದರಲ್ಲೇ ಇವೆಯಲ್ಲ ಎಂದುಕೊಂಡು ಬೇಡವೆಂದ.

ಭಾನುವಾರ ಮಗಳು ಆ ಸೀಡಿ ಹಾಕಿದಾಗ ಕಂಡದ್ದು ವಾಷಿಂಗ್ ಮಷಿನ್ ಮಾತ್ರ. ಅಪ್ಪನ ಧ್ವನಿ ಇರಲಿಲ್ಲ.

ಅಪ್ಪ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುತ್ತಿದ್ದವರು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆ ತೆಗೆಯಲೇಬೇಕು ಎಂದಾದಾಗ, ಆಸ್ಪತ್ರೆಗೆ ಸೇರುವ ಮುನ್ನ ಮಗಳು ಅವರನ್ನು ಮೈಕಿನ ಮುಂದೆ ಕೂರಿಸಿ ಮಾತನಾಡಿಸಿದ್ದಳು. ಹಳೆಯ ಕಂಪ್ಯೂಟರ್ ಕೆಟ್ಟುಹೋದ ಮೇಲೆ ಉಳಿದದ್ದು ಈ ಸೀಡಿಯಲ್ಲಿದ್ದ ಒಂದೇ ಪ್ರತಿ. ಈಗ ಅಪ್ಪ ಹೇಳಬೇಕಾದ್ದನ್ನು ಸ್ಲೇಟಿನಲ್ಲಿ ಬರೆಯುತ್ತಾರೆ. ಮಗಳನ್ನು ಕರೆಯಲು ಬೆರಳಿನ ಗೆಣ್ಣಿನಿಂದ ಮೇಜನ್ನು ಎರಡು ಸಲ ಕುಟ್ಟುತ್ತಾರೆ.

"ರೀ, ನಿಮ್ಮ ಕೈಗೆ ಅದೇ ಸಿಕ್ತಾ? ಡ್ರಾಯರ್ ತುಂಬ ಹೊಸ ಸೀಡಿ ಬಿದ್ದಿದ್ವಲ್ಲ!"

"ಹೊಸದನ್ನ ಯಾಕೆ ಹಾಳು ಮಾಡೋದು ಅಂತ..."

"ಅದಕ್ಕೇ ಹಳೇದನ್ನ ಹಾಳು ಮಾಡಿದ್ರಿ."

ಅಳಿಯ ತಲೆ ತಗ್ಗಿಸಿ ಕುಳಿತ. ಅಪ್ಪ ಸ್ಲೇಟು ಎತ್ತಿ ತೋರಿಸಿದರು: "ಅವನನ್ನ ಬಯ್ಯಬೇಡ. ಮಷಿನ್ನಿಗೆ ಗ್ಯಾರಂಟಿ ಇನ್ನೂ ಇದೆ. ನಂದು ಮುಗಿದಿತ್ತು."

"ನಗಿಸ್ಬೇಡಪ್ಪಾ," ಎಂದಳು ಮಗಳು. ಕಣ್ಣು ತುಂಬಿತ್ತು.

ಅಪ್ಪ ಸೀಡಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. ಆಮೇಲೆ ಮೇಜು ಕುಟ್ಟಿದರು, ಎರಡು ಸಲ. ಹೊಳೆಯುವ ಬದಿಯಲ್ಲಿ, ನಡುವಿನ ತೂತಿನ ಸುತ್ತ, ಬರೆದ ಕಡೆ ಮೂಡುವ ಕಡುಬಣ್ಣದ ಅಗಲವಾದ ಬಳೆಯೊಂದಿತ್ತು. ಅದರಾಚೆ, ಕೂದಲೆಳೆಯಷ್ಟು ಜಾಗ ಬಿಟ್ಟು, ತೆಳುವಾದ ಇನ್ನೊಂದು ಬಳೆ.

"ನಿಮ್ಮ ಕಾಗದ ಇಷ್ಟಗಲ ಜಾಗ ತಿನ್ನುತ್ತಾ?" ಎಂದು ಮಗಳು ಗಂಡನನ್ನು ಕೇಳಿದಳು.

"ಛೇ, ಅದು ಹೊರಗಿನ ಸಣ್ಣ ಗೆರೆ ಇರ್ಬೇಕು." ಅಳಿಯ ಧಡಕ್ಕನೆ ಎದ್ದ. "ಹಾಗಾದ್ರೆ ಮಾವ ಇಲ್ಲೇ ಇದಾರೆ ಕಣೇ!"

ಒಮ್ಮೆ ಮಾತ್ರ ಬರೆಯಬಹುದಾದ ಸೀಡಿ ಅದು. ಬರೆದದ್ದು ಅಳಿಸುವುದಿಲ್ಲ. ಹೊಸ ಸೂಚಿಯಲ್ಲಿ ಹಳೆಯ ಫೈಲುಗಳ ಹೆಸರು ಬಿಟ್ಟುಹೋಗಿತ್ತು, ಅಷ್ಟೆ. ಅಳಿಯ ಸೀಡಿ ಬರೆಯುವ ತಂತ್ರಾಂಶ ತೆರೆದು, ಹುಡುಕಿ ಹುಡುಕಿ, ಮೊದಲ ಸಲ ಬರೆದ ಭಾಗವನ್ನು ಆರಿಸಿದ. ಸೀಡಿ ಗಿರ್ರೆಂದು ತಿರುಗಿತು.

"ಪ್ರಯಾಣಿಕರ ಗಮನಕ್ಕೆ. ಚಹಾ ತರಲು ಅಡುಗೆಮನೆಗೆ ಹೊರಟಿರುವ ಅಳಿಯಂದಿರು ಅನಿರ್ದಿಷ್ಟ ಕಾಲ ತಡವಾಗಿ ಬರಲಿದ್ದಾರೆ... ಅಳಬೇಡ್ವೇ, ಮೈಕಿಗೆ ಕೇಳ್ಸುತ್ತೆ."

ಮೂವರೂ ಪೂರ್ತಿ ಕೇಳಿದರು. ಅಪ್ಪ ಸ್ಲೇಟು ಒರೆಸಿ ಬರೆದರು: "ಇಷ್ಟು ಗಡಸು ಗಂಟಲಾ? ಪಾಪ, ಪ್ರಯಾಣಿಕರು."

ಧ್ವನಿಯನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಮಗಳು ಡ್ರಾಯರಿನಿಂದ ಹೊಸ ಸೀಡಿ ತೆಗೆದಳು.

"ಬರೆದು ಮುಚ್ಚಿಬಿಡು," ಎಂದ ಅಳಿಯ. "ಮತ್ತೆ ಯಾರೂ ಏನೂ ಸೇರಿಸೋಕಾಗಬಾರದು. ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ."

ಅಪ್ಪ ಕೈ ಅಡ್ಡ ಹಿಡಿದು ತಡೆದರು. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ರೆಕಾರ್ಡ್ ಮಾಡು ಎಂದು ಅಳಿಯನಿಗೆ ಸನ್ನೆ ಮಾಡಿದರು. ಹೊಸ ಸೀಡಿಯನ್ನು ಪೊಟ್ಟಣದಿಂದ ಬಿಡಿಸುತ್ತ ಮಗಳು ಅತ್ತ ತಿರುಗಿದ್ದಳು. ಅಪ್ಪ ಮೇಜನ್ನು ಎರಡು ಸಲ ಕುಟ್ಟಿದರು.

"ಬಂದೆ ಅಪ್ಪಾ," ಎಂದಳು ಮಗಳು ಎಂದಿನಂತೆ.

ಅದೂ ರೆಕಾರ್ಡ್ ಆಯಿತು.