ಎಡಗೈ ಕ್ಷೌರ

ಕ್ಷೌರಿಕನ ಬಲಗೈ ಕೈಕೊಟ್ಟದ್ದು ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ. ಆಗ ಕುರ್ಚಿಯಲ್ಲಿ ಅಂಚೆ ಕಚೇರಿಯ ಗುಮಾಸ್ತ ಕೂತಿದ್ದ. ಎಡಗೆನ್ನೆ ಮುಗಿದಿತ್ತು, ಬಲಗೆನ್ನೆಯ ಮೇಲೆ ಇನ್ನೂ ನೊರೆ ಇತ್ತು. ಬೆರಳುಗಳು ಮಾತು ಕೇಳುತ್ತಿಲ್ಲ ಅನ್ನಿಸಿದ ಕೂಡಲೇ ಕ್ಷೌರಿಕ ಎಡಗೈಯಲ್ಲಿ ಕತ್ತಿ ಕಿತ್ತುಕೊಂಡು ಮೂಲೆಗೆ ಎಸೆದ. ಆಮೇಲೆ ತಾನು ಬಿದ್ದ. ಗುಮಾಸ್ತ ಅರ್ಧ ಗಡ್ಡದಲ್ಲೇ ಅವನನ್ನು ಆಸ್ಪತ್ರೆಗೆ ಸೇರಿಸಿ, ಮುಖದ ನೊರೆ ಒಣಗಿ ಉದುರುವವರೆಗೂ ಅಲ್ಲೇ ಕಾದ.

ಪಾರ್ಶ್ವವಾಯು ಎಂದರು. ಮಾತು ಮೂರು ವಾರಕ್ಕೆ ವಾಪಸು ಬಂತು, ಕಾಲು ಮೂರು ತಿಂಗಳಿಗೆ. ಕೈ ಬರಲಿಲ್ಲ. ಎಡಗೈ ಚೆನ್ನಾಗಿದೆ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಮೂವತ್ತು ವರ್ಷ ಆ ಎಡಗೈ ಮಾಡಿದ ಕೆಲಸವೆಂದರೆ ಗಿರಾಕಿಗಳ ಮೂಗಿನ ತುದಿ ಹಿಡಿದು ಎತ್ತುವುದು, ಅಷ್ಟೆ.

ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಕೆಲಸಕ್ಕೆ ಹೊರಡುವ ಮೊದಲು ಪ್ರತಿದಿನ ಗೋಡೆಯ ಗೂಡಿನಲ್ಲಿ ದೀಪ ಹಚ್ಚಿ ಐದು ನಿಮಿಷ ಕಣ್ಣು ಮುಚ್ಚಿ ನಿಲ್ಲುವಳು. ಮೊದಲೆಲ್ಲ ಅವನೂ ಪಕ್ಕದಲ್ಲಿ ನಿಲ್ಲುತ್ತಿದ್ದ. ಈಗ ಆ ಹೊತ್ತಿಗೆ ಬೇಕೆಂದೇ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ.

"ಹೊಡೆಯೋದೇ ಆದ್ರೆ ಎಡಗೈ ಹೊಡೀಬಹುದಿತ್ತಲ್ಲ ನಿನ್ನ ದೇವ್ರು," ಎಂದ ಒಂದು ದಿನ.

"ಬಿಟ್ಟಿರೋ ಕೈನ ಮೊದ್ಲು ಉಪಯೋಗಿಸ್ರೀ. ಆಮೇಲೆ ಅವನ ಜೊತೆ ಜಗಳ ಆಡಿ," ಎಂದಳು ಅವಳು. "ಕೆಲಸಕ್ಕೆ ಸೇರಿದಾಗ ಯಾವುದರ ಮೇಲೆ ಕಲಿತ್ರಿ?"

"ಬಲೂನಿನ ಮೇಲೆ."

ಸಂಜೆ ಅವಳು ನೂರು ಬಲೂನಿನ ಪೊಟ್ಟಣ ತಂದಳು. ಊದುವುದು ಅವಳ ಕೆಲಸ, ನೊರೆ ಹಚ್ಚಿ ಕೆರೆಯುವುದು ಅವನದು. ಮೊದಲ ಬಲೂನು ಕತ್ತಿ ಮುಟ್ಟುವ ಮೊದಲೇ ಒಡೆಯಿತು. ಎರಡನೆಯದರ ನೊರೆ ಸೂರಿಗೆ ಹಾರಿತು. ಹತ್ತನೆಯದು ಒಡೆದಾಗ ಕೆಳಮನೆಯಾಕೆ ಮೆಟ್ಟಿಲು ಹತ್ತಿ ಬಂದು, "ಯಾರ ಹುಟ್ಟುಹಬ್ಬ?" ಎಂದು ಕೇಳಿದಳು.

"ಇನ್ನೂ ಯಾರೂ ಹುಟ್ಟಿಲ್ಲ," ಎಂದಳು ಹೆಂಡತಿ.

ನಲವತ್ತಮೂರನೆಯ ಬಲೂನು ಉಳಿಯಿತು. ನೊರೆಯೆಲ್ಲ ಹೋಗಿ ಕೆಂಪಗೆ ಹೊಳೆಯುತ್ತಿತ್ತು. ಇಬ್ಬರೂ ಅದನ್ನು ನೋಡುತ್ತಾ ಕೂತರು. ಮಾರನೆಯ ಬೆಳಿಗ್ಗೆ ಅವಳು ಅದನ್ನು ಒಯ್ದು ದೀಪದ ಪಕ್ಕ ಇಟ್ಟಳು. ಐದು ನಿಮಿಷವೂ ಆಗಿರಲಿಲ್ಲ, ಢಬ್ಬೆಂದು ಒಡೆಯಿತು.

"ನೋಡಿದ್ಯಾ? ಉತ್ತರ ಹೇಳ್ದ," ಎಂದ ಕ್ಷೌರಿಕ, ಮಲಗಿದ್ದಲ್ಲಿಂದಲೇ.

"ಅದು ಬಿಸಿ ಕಣ್ರೀ. ಏಳಿ, ಇನ್ನೊಂದು ಊದ್ತೀನಿ."

ಪೊಟ್ಟಣ ಮುಗಿಯುವ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಉಳಿಯುತ್ತಿದ್ದವು. ಎಂಟನೆಯ ತಿಂಗಳಲ್ಲಿ ಅವನು ಅಂಗಡಿಯ ಶಟರು ಎತ್ತಿದ. ಕನ್ನಡಿ ಒರೆಸಿದ, ಬಟ್ಟೆ ಕೊಡವಿದ, ಕಾದ.

ಬೀದಿಯವರೆಲ್ಲ ಬಂದರು. ಕ್ಷೇಮ ವಿಚಾರಿಸಿದರು, ಕಣ್ಣಲ್ಲಿ ನೀರು ಹಾಕಿಕೊಂಡರು, ಯಾರೂ ಕೂರಲಿಲ್ಲ. ಮೂರು ದಿನದ ಗಡ್ಡ ಬಿಟ್ಟಿದ್ದ ದಿನಸಿ ಅಂಗಡಿಯವನು "ನಿನ್ನೆ ತಾನೆ ಮಾಡಿಸ್ಕೊಂಡೆ" ಎಂದ. ಅಂಚೆ ಗುಮಾಸ್ತ ಪೂರ್ತಿ ಗಡ್ಡ ಬಿಟ್ಟಿದ್ದ, ಒಪ್ಪುತ್ತಿತ್ತು ಕೂಡ. ಕ್ಷೌರಿಕನಿಗೆ ಯಾರ ಮೇಲೂ ಕೋಪ ಬರಲಿಲ್ಲ. ಒಂಬತ್ತು ಉಳಿಯುತ್ತವೆ ಎಂದರೆ ಒಂದು ಒಡೆಯುತ್ತದೆ ಎಂದೇ ಲೆಕ್ಕ. ಅವರ ಜಾಗದಲ್ಲಿದ್ದರೆ ತಾನೂ ಕೂರುತ್ತಿರಲಿಲ್ಲ.

ಹನ್ನೆರಡನೆಯ ದಿನ ಇವತ್ತಿಗೆ ಮುಗಿಸೋಣ ಎಂದುಕೊಂಡು ಕತ್ತಿಯನ್ನು ಕಾಗದದಲ್ಲಿ ಸುತ್ತುತ್ತಿದ್ದಾಗ ಬಾಗಿಲಲ್ಲಿ ಮಾವ ನಿಂತಿದ್ದರು.

ಹೆಂಡತಿಯ ಅಪ್ಪ, ನಿವೃತ್ತ ರೈಲು ಚಾಲಕ, ಎಂಬತ್ತೆರಡು ವರ್ಷ. ಮಗಳು ಇವನನ್ನು ಮದುವೆಯಾಗುವುದು ಅವರಿಗೆ ಇಷ್ಟವಿರಲಿಲ್ಲ. ಮದುವೆಯಾದ ಮೇಲೂ ಇಷ್ಟವಾಗಲಿಲ್ಲ. ಈ ಅಂಗಡಿಯ ಹೊಸ್ತಿಲು ಒಮ್ಮೆಯೂ ತುಳಿದವರಲ್ಲ. ಬಂದವರೇ ಊರುಗೋಲನ್ನು ಗೋಡೆಗೆ ಒರಗಿಸಿ ಕುರ್ಚಿಯಲ್ಲಿ ಕೂತರು.

"ಗಡ್ಡ ತೆಗಿ. ಮೀಸೆ ತುದಿ ಸಮ ಮಾಡು."

"ಮಾವ, ಎಡಗೈಲಿ ಮಾಡ್ಬೇಕು."

"ಗೊತ್ತು. ಮಗಳು ಹೇಳಿದ್ಲು."

"ಹೆಚ್ಚು ಕಮ್ಮಿ ಆದ್ರೆ?"

"ಎಂಬತ್ತೆರಡಾಯ್ತಪ್ಪ. ಹೆಚ್ಚೇನಿದೆ, ಕಮ್ಮಿ ಏನಿದೆ."

ಕ್ಷೌರಿಕ ನೊರೆ ಹಚ್ಚಿದ. ಮುದುಕರ ಕತ್ತಿನ ಚರ್ಮ ಬಲೂನಿನ ಹಾಗಿರಲಿಲ್ಲ, ಸಡಿಲವಾಗಿ ಮಡಿಕೆ ಮಡಿಕೆಯಾಗಿತ್ತು. ಹಿಡಿದು ಎಳೆಯಲು ಇನ್ನೊಂದು ಕೈ ಬೇಕಿತ್ತು. ಕತ್ತಿ ಹತ್ತಿರ ಹೋಗುತ್ತಿದ್ದಂತೆ ನಡುಗಿತು.

"ನಡುಗ್ತಿದೆ," ಎಂದರು ಮಾವ, ಕಣ್ಣು ಮುಚ್ಚಿಕೊಂಡೇ.

"ಹೌದು ಮಾವ."

"ನಿಂತ ಮೇಲೆ ಶುರು ಮಾಡು. ಸಿಗ್ನಲ್ ಕೊಡೋವರೆಗೂ ಕಾಯೋದು ನಂಗೆ ಅಭ್ಯಾಸ ಇದೆ."

ತಾವೇ ಎರಡು ಬೆರಳಿಂದ ಕತ್ತಿನ ಚರ್ಮ ಎಳೆದು ಹಿಡಿದರು. ಮಗಳು ಆಯ್ದುಕೊಂಡವನನ್ನು ಇಷ್ಟು ವರ್ಷ ಒಪ್ಪದಿದ್ದ ಮನುಷ್ಯ ಈಗ ಅವನ ಮುಂದೆ ಕತ್ತು ಒಡ್ಡಿ ಕೂತಿದ್ದರು. ಎಂಟು ತಿಂಗಳಿಂದ ತಾನು ಮಾತು ಬಿಟ್ಟಿದ್ದ ದೇವರಿಗೆ ಕ್ಷೌರಿಕ ಮನಸ್ಸಿನಲ್ಲೇ ಅಂದ: ಇದೊಂದು ಕತ್ತು. ಬೇರೇನೂ ಕೇಳಲ್ಲ. ನಡುಕ ಪೂರ್ತಿ ನಿಲ್ಲಲಿಲ್ಲ, ಕೆಲಸ ಮಾಡುವಷ್ಟು ಕಡಿಮೆಯಾಯಿತು.

ಕೆನ್ನೆ, ಗದ್ದ, ಕತ್ತು ಮುಗಿಯಲು ಐವತ್ತು ನಿಮಿಷ ಹಿಡಿಯಿತು. ಕಿವಿಯ ಕೆಳಗೆ ಒಂದೇ ಒಂದು ಗೀರು. ಅಷ್ಟರಲ್ಲಿ ಬಾಗಿಲಲ್ಲಿ ಏಳೆಂಟು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಕೊನೆಗೆ ಮೀಸೆ. ಎಡತುದಿ ಕತ್ತರಿಸಿದ, ಬಲತುದಿ ಉದ್ದವಾಯಿತು. ಬಲತುದಿ ಕತ್ತರಿಸಿದ, ಎಡತುದಿ ಉದ್ದ ಕಂಡಿತು. ಹೀಗೆ ಎರಡೂ ಕಡೆಯಿಂದ ನ್ಯಾಯ ಮಾಡುತ್ತಾ ಹೋಗಿ, ಅರವತ್ತು ವರ್ಷದ ಮೀಸೆ ಮೂಗಿನ ಕೆಳಗೆ ಒಂದು ಚುಕ್ಕೆಯಾಗಿ ಉಳಿಯಿತು.

ಮಾವ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡರು.

"ಅದನ್ನೂ ತೆಗ್ದುಬಿಡು," ಎಂದರು.

ತೆಗೆದ. ಅವರು ಎದ್ದು ಹೊರಗೆ ಬೆಂಚಿನ ಮೇಲೆ ಕೂತು, ಎಲ್ಲರಿಗೂ ಕಾಣುವಂತೆ ಗದ್ದ ಎತ್ತಿಕೊಂಡರು. ಮಧ್ಯಾಹ್ನದವರೆಗೂ ಹಾಗೇ ಕೂತಿದ್ದರು. ಎರಡು ದಿನ ಬಿಟ್ಟು ಮತ್ತೆ ಬಂದರು, ಮತ್ತೆ ಎರಡು ದಿನ ಬಿಟ್ಟು. ಮೂರನೆಯ ಸಲಕ್ಕೆ ದಿನಸಿ ಅಂಗಡಿಯವನು ಗಡ್ಡ ಕೆರೆದುಕೊಳ್ಳುತ್ತಾ ಒಳಗೆ ಬಂದು ಕೂತ.

ಮಾವ ಮೊದಲು ಬಂದ ದಿನದ ಸಂಜೆ ಕ್ಷೌರಿಕ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದ, ಬೇಡಿಕೊಂಡದ್ದನ್ನೂ ಹೇಳಿದ.

"ಕೇಳಿದ್ದು ಸಿಕ್ತಲ್ಲ ಮತ್ತೆ," ಎಂದಳು ಅವಳು.

"ಸಿಕ್ತು. ಮೀಸೆ ವಿಷಯ ಸೇರಿಸೋದು ಮರೆತೆ."

ಅವಳು ನಗುತ್ತಾ ನಗುತ್ತಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಗು ಯಾವಾಗ ಅಳುವಾಯಿತೋ ಅವನಿಗೆ ತಿಳಿಯಲಿಲ್ಲ. ಎಂಟು ತಿಂಗಳಲ್ಲಿ ಅವಳು ಅತ್ತದ್ದನ್ನು ಅವನು ನೋಡಿದ್ದು ಅದೇ ಮೊದಲು. ಎಡಗೈಯನ್ನು ಅವಳ ಬೆನ್ನ ಮೇಲಿಟ್ಟು ಕೂತ.

ಈಗ ಒಂದು ಗಡ್ಡಕ್ಕೆ ಇಪ್ಪತ್ತು ನಿಮಿಷ ಸಾಕು. ಆತುರ ಇರುವವರು ಬೇರೆ ಅಂಗಡಿಗೆ ಹೋಗುತ್ತಾರೆ. ಕತ್ತಿ ಎತ್ತುವ ಮೊದಲು ಅವನು ಒಂದು ಕ್ಷಣ ಕಣ್ಣು ಮುಚ್ಚುತ್ತಾನೆ. ಮೊನ್ನೆ ಹೊಸ ಗಿರಾಕಿಯೊಬ್ಬ ಅದನ್ನು ಕನ್ನಡಿಯಲ್ಲಿ ಕಂಡು ಗಾಬರಿಯಾದ.

"ಏನ್ ಮಾಡ್ತಿದೀರಾ?"

"ಏನಿಲ್ಲ ಸಾರ್. ನಿಮ್ಮ ಕತ್ತಿನ ಬಗ್ಗೆ ಒಂದು ಮಾತು ಹೇಳ್ತಿದ್ದೆ."

ಯಾರಿಗೆ ಎಂದು ಗಿರಾಕಿ ಕೇಳಲಿಲ್ಲ. ತಾನೂ ಕಣ್ಣು ಮುಚ್ಚಿದ.