ಕಣ್ಣು ಮುಚ್ಚಿ ಹೇಳಿದ ಸುದ್ದಿ

ನಮ್ಮ ಸಭೆಯ ಹೆಂಗಸರ ಪ್ರಾರ್ಥನಾ ಕೂಟದಲ್ಲಿ ಚಾಡಿ ಹೇಳುವಂತಿಲ್ಲ. ನಾಲಿಗೆಯ ವಿಷಯದಲ್ಲಿ ಬೈಬಲ್ ಎಲ್ಲೆಲ್ಲಿ ಎಚ್ಚರಿಸಿದೆ ಎಂದು ಪಾಸ್ಟರಮ್ಮ ಆರು ಶನಿವಾರ ಬಿಡದೆ ಪಾಠ ಮಾಡಿದರು. ಸಣ್ಣ ಕಿಡಿ ದೊಡ್ಡ ಕಾಡನ್ನೇ ಸುಡುವ ಹಾಗೆ ನಾಲಿಗೆಯೂ ಸುಡುತ್ತದೆ ಎಂಬಲ್ಲಿಗೆ ಬಂದಾಗ ಅವರೂ ಸೇರಿ ನಾವು ಹದಿನಾಲ್ಕು ಜನವೂ ತಲೆ ತಗ್ಗಿಸಿದೆವು. ಈ ಮಾತು ಪಕ್ಕದವಳಿಗೆ ಚೆನ್ನಾಗಿ ನಾಟಲಿ ಎಂದು ಪ್ರತಿಯೊಬ್ಬಳೂ ಮನಸ್ಸಿನಲ್ಲೇ ಬೇಡಿಕೊಂಡಳು. ಏಳನೆಯ ಶನಿವಾರದಿಂದ ಕೂಟದಲ್ಲಿ ಚಾಡಿ ಪೂರ್ತಿ ನಿಂತುಹೋಯಿತು. ಅದರ ಬದಲು ಪ್ರಾರ್ಥನೆ ಉದ್ದವಾಯಿತು.

ಮೊದಲು ಕಣ್ಣು ಬಿಟ್ಟುಕೊಂಡು ಹೇಳುತ್ತಿದ್ದುದನ್ನೇ ಈಗ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆವು, ಅಷ್ಟೇ ವ್ಯತ್ಯಾಸ. 'ಕರ್ತನೇ, ನಮ್ಮ ಎದುರುಮನೆಯವರ ಸೊಸೆ ತವರಿಗೆ ಹೋಗಿ ಹನ್ನೊಂದು ದಿನವಾಯಿತು, ಹೋಗುವಾಗ ಎರಡು ದೊಡ್ಡ ಸೂಟ್‌ಕೇಸ್ ಒಯ್ದಿದ್ದಾಳೆ, ಆ ಮನೆಗೆ ಸಮಾಧಾನ ಕೊಡು' ಎಂದು ಒಬ್ಬಳು ಶುರುಮಾಡಿದರೆ ಉಳಿದವರ ಕಿವಿ ನೆಟ್ಟಗಾಗುತ್ತಿತ್ತು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಆಮೆನ್ ಅಜ್ಜಿ. ಸುದ್ದಿಯಲ್ಲಿ ಸ್ವಾರಸ್ಯವಿದ್ದಷ್ಟೂ ಅವರ ಆಮೆನ್ ಜೋರಾಗುತ್ತದೆ. ಸಾಲದೆಂದರೆ ನಡುವೆಯೇ, "ಬಿಡಿಸಿ ಪ್ರಾರ್ಥನೆ ಮಾಡು ಮಗಳೇ, ಅವಳೊಬ್ಬಳೇ ಹೋದ್ಲಾ, ಯಾರಾದ್ರೂ ಬಂದು ಕರ್ಕೊಂಡು ಹೋದ್ರಾ? ಮೇಲಿರೋನಿಗೆ ಸರಿಯಾಗಿ ಗೊತ್ತಾಗ್ಬೇಕಲ್ಲ" ಎನ್ನುತ್ತಾರೆ. ಎಲ್ಲ ಬಲ್ಲವನಿಗೂ ವಿವರ ಬೇಕಾಗುತ್ತದೆ ಎಂದು ನನಗೆ ಗೊತ್ತಾದದ್ದು ಆ ಅಜ್ಜಿಯಿಂದ.

ನಾನು ಪರದೆ ಹೊಲಿಯುವವಳು. ಕಿಟಕಿಯ ಅಳತೆ ತೆಗೆಯಲು ಮನೆಮನೆಗೆ ಹೋಗುತ್ತೇನೆ. ಹೀಗಾಗಿ ಪ್ರಾರ್ಥನಾ ವಿಷಯಕ್ಕೆ ನನಗೆ ಯಾವತ್ತೂ ಕೊರತೆ ಬಿದ್ದಿರಲಿಲ್ಲ. ಆದರೆ ಆ ತಿಂಗಳು ಏನು ಬಂತೋ, ಮೂರು ವಾರದಿಂದ ಹೋದ ಮನೆಗಳಲ್ಲೆಲ್ಲ ಗಂಡ ಹೆಂಡಿರು ಅನ್ಯೋನ್ಯವಾಗಿದ್ದರು. ಮೂರು ಶನಿವಾರ ನಾನು 'ಲೋಕಕ್ಕೆ ಶಾಂತಿ ಕೊಡು' ಎಂದು ಎರಡು ಸಾಲಿನಲ್ಲಿ ಮುಗಿಸಿದೆ. ಅಜ್ಜಿಯ ಆಮೆನ್ ನನಗೆ ಕೇಳಿಸಲೇ ಇಲ್ಲ. ನಾಲ್ಕನೆಯ ಶನಿವಾರ ಮಧ್ಯಾಹ್ನ ಮೂರೂವರೆಗೆ ನನ್ನ ಸರದಿ ಬಂದಾಗ ಹೊಟ್ಟೆಯಲ್ಲಿ ಕಿಚ್ಚು, ನಾಲಿಗೆಯಲ್ಲಿ ತುರಿಕೆ. ಇದ್ದದ್ದು ಒಂದೇ ಒಂದು ಸುದ್ದಿ. ಅದೂ ನನ್ನ ಸ್ವಂತ ತಂಗಿಯದು.

ತಂಗಿ ಶಾಲೆಯೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾಳೆ. ಅವಳ ಗಂಡ ಮೂವತ್ತು ವರ್ಷ ಬ್ರೆಡ್ ಕಂಪನಿಯ ವ್ಯಾನ್ ಓಡಿಸಿದವನು. ಹೋದ ವರ್ಷ ಡಾಕ್ಟರು ಅವನ ಕಣ್ಣು ನೋಡಿ, ಇನ್ನು ಮೇಲೆ ಸ್ಟೇರಿಂಗ್ ಮುಟ್ಟಬೇಡಿ ಎಂದುಬಿಟ್ಟರು. ಅಂದಿನಿಂದ ಅವನು ಕಿಟಕಿಯ ಪಕ್ಕ ಕೂತು, ಹೋಗುವ ಬರುವ ಗಾಡಿಗಳ ಸದ್ದು ಕೇಳಿ, "ನೋಡು, ಸೆಕೆಂಡ್ ಗೇರಲ್ಲೇ ಎಳೀತಿದ್ದಾನೆ ಕತ್ತೆ" ಎಂದು ಸಂಕಟಪಡುತ್ತಾನೆ. ತಂಗಿಗೆ ಅದನ್ನು ನೋಡಲಾಗಲಿಲ್ಲ. ನಲವತ್ತೇಳನೆಯ ವಯಸ್ಸಿಗೆ ಅವಳು ಗುಟ್ಟಾಗಿ ಡ್ರೈವಿಂಗ್ ಶಾಲೆಗೆ ಸೇರಿದಳು. ಲೈಸೆನ್ಸ್ ಕೈಗೆ ಬಂದ ದಿನ ಅವನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಊರು ಸುತ್ತಿಸಬೇಕು, ಅಲ್ಲಿಯವರೆಗೆ ಅವನಿಗೆ ಸುಳಿವೂ ಸಿಗಬಾರದು ಎಂಬುದು ಅವಳ ಆಸೆ. ಮೊದಲೇ ಗೊತ್ತಾದರೆ ಅವನೇ ಕಲಿಸಲು ಕೂರುತ್ತಾನೆ, ಆಮೇಲೆ ಮದುವೆ ಉಳಿಯುವುದಿಲ್ಲ ಎಂದೂ ಅವಳಿಗೆ ಭಯವಿತ್ತು. ಶನಿವಾರ ಲೈಬ್ರರಿಯಲ್ಲಿ ಪುಸ್ತಕ ಎಣಿಸುವುದಿದೆ ಎಂದು ಸುಳ್ಳು ಹೇಳಿ ಹೋಗುತ್ತಿದ್ದಳು. ಈ ಗುಟ್ಟು ಗೊತ್ತಿದ್ದದ್ದು ನನಗೊಬ್ಬಳಿಗೇ.

"ಕರ್ತನೇ," ಎಂದು ನಾನು ಕಣ್ಣು ಮುಚ್ಚಿ ಕೈ ಜೋಡಿಸಿದೆ. "ನನ್ನ ತಂಗಿ ಡ್ರೈವಿಂಗ್ ಟೆಸ್ಟಲ್ಲಿ ಐದು ಸಲ ಫೇಲಾಗಿದ್ದಾಳೆ."

"ಆಮೆನ್!" ಎಂದರು ಅಜ್ಜಿ. ಮೂರು ವಾರದ ಬಾಯಾರಿಕೆ ತೀರಿದ ಹಾಗಾಯಿತು ನನಗೆ.

"ಎರಡನೇ ಸಲ ರಿವರ್ಸ್ ತಗೊಳ್ಳುವಾಗ ಇನ್ಸ್‌ಪೆಕ್ಟರ್ ಸಾಹೇಬರ ಸ್ವಂತ ಸ್ಕೂಟರನ್ನೇ ಬೀಳಿಸಿದಳು, ಕರ್ತನೇ. ನಾಲ್ಕನೇ ಸಲ ಬ್ರೇಕ್ ಒತ್ತೋ ಬದಲು ವೈಪರ್ ಹಾಕಿದಳು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆರನೇ ಟೆಸ್ಟು. ಅವಳ ಗಂಡನಿಗೆ ಇದ್ಯಾವುದೂ ಗೊತ್ತಿಲ್ಲ. ಅವನಿಗೆ ಗೊತ್ತಾಗದ ಹಾಗೆ ನೀನೇ ಕಾಪಾಡು."

"ಆಮೆನ್! ಆಮೆನ್! ಸ್ಕೂಟರಿಗೆ ತುಂಬಾ ಪೆಟ್ಟಾಯ್ತಾ?"

"ಕನ್ನಡಿ ಹೋಯಿತು, ಕರ್ತನೇ."

ಕಣ್ಣು ಬಿಟ್ಟೆ. ಬಾಗಿಲ ಹತ್ತಿರದ ಕೊನೆಯ ಕುರ್ಚಿಯಲ್ಲಿ ತಂಗಿ ಕೂತಿದ್ದಳು. ಆ ದಿನ ಡ್ರೈವಿಂಗ್ ಮೇಷ್ಟ್ರು ಕ್ಲಾಸನ್ನು ಸಂಜೆ ಐದಕ್ಕೆ ಇಟ್ಟಿದ್ದರಂತೆ. ಹೊತ್ತು ಕಳೆಯಲೆಂದು ಕೂಟಕ್ಕೆ ಬಂದಿದ್ದಳು. ಕಣ್ಣು ಮುಚ್ಚಿ ಚಾಡಿ ಹೇಳುವುದರಲ್ಲಿರುವ ಅಪಾಯ ಇದೇ ನೋಡಿ, ಯಾರು ಒಳಗೆ ಬಂದರೆಂದು ತಿಳಿಯುವುದಿಲ್ಲ. ಅವಳು ನನ್ನನ್ನೇ ನೋಡುತ್ತ ಕೈಚೀಲ ಹೆಗಲಿಗೇರಿಸಿಕೊಂಡಳು. ಸ್ಪಷ್ಟವಾಗಿ "ಆಮೆನ್" ಎಂದಳು. ಎದ್ದು ಹೋದಳು.

ಮನೆಗೆ ಬಂದು ಗಂಡನ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ. ಅವರು ಲಿಫ್ಟ್ ಮೆಕ್ಯಾನಿಕ್. ಎಚ್ಚರಿಕೆ ಎಂದು ಎಲ್ಲಿ ಬರೆದಿದ್ದರೂ ನಿಂತು ಓದುವ ಜಾತಿ. ಸೂರ್ಯ ಮುಳುಗುವುದರೊಳಗೆ ಕೋಪ ಮುಗಿಯಬೇಕು ಎಂದು ಬೈಬಲ್ ಹೇಳಿದ್ದನ್ನು ನಮ್ಮ ಮನೆಯಲ್ಲಿ ಅವರು ಇಪ್ಪತ್ತೆರಡು ವರ್ಷದಿಂದ ನಡೆಸಿಕೊಂಡು ಬಂದಿದ್ದಾರೆ. ಪೇಪರಿನಲ್ಲಿ ಬರುವ ಸೂರ್ಯಾಸ್ತದ ಸಮಯವನ್ನು ದಿನವೂ ಕತ್ತರಿಸಿ ಫ್ರಿಜ್ಜಿಗೆ ಅಂಟಿಸುತ್ತಾರೆ. ಜಗಳವನ್ನು ಸೂರ್ಯ ಮುಳುಗಿದ ಐದು ನಿಮಿಷಕ್ಕೆ ಶುರುಮಾಡಿದರೆ ಹೆಚ್ಚುಕಡಿಮೆ ಒಂದು ಇಡೀ ದಿನ ಸಿಗುತ್ತದೆ ಎಂದು ನಾನು ಮದುವೆಯಾದ ಎರಡನೇ ತಿಂಗಳಲ್ಲೇ ಕಂಡುಹಿಡಿದಿದ್ದೆ. ಅದು ಬೇರೆ ಮಾತು.

"ಇವತ್ತು ಆರೂ ಇಪ್ಪತ್ತೊಂದಕ್ಕೆ," ಎಂದರು ಅವರು ಫ್ರಿಜ್ಜಿನ ಕಡೆ ನೋಡಿ. "ಈಗ ಐದೂ ಹತ್ತು."

"ಕೋಪ ಬಂದಿರೋದು ಅವಳಿಗೆ. ರೂಲ್ಸು ಅವಳಿಗೆ ತಾನೇ? ಅವಳೇ ಬರ್ಲಿ."

"ಯಾರಿಗೋ ನಿನ್ನ ಮೇಲೆ ಬೇಜಾರಿದೆ ಅಂತ ಗೊತ್ತಾದ್ರೆ ಕಾಣಿಕೆನೂ ಅಲ್ಲೇ ಬಿಟ್ಟು ಮೊದ್ಲು ನೀನೇ ಹೋಗು ಅಂತಾನೂ ಇದೆ."

"ನಿಮಗೆ ಬೈಬಲ್‌ನಲ್ಲಿ ಬರೀ ಬೋರ್ಡ್‌ಗಳೇ ಕಾಣ್ಸುತ್ತಾ?"

"ಬೋರ್ಡ್ ಯಾರೂ ಸುಮ್ನೆ ಹಾಕಲ್ಲ ಕಣೇ," ಎಂದರು. "ನಮ್ಮ ಕೆಲ್ಸದಲ್ಲಿ ನೋಡಿದ್ದೀನಿ. ಬಾಗಿಲಿಗೆ ಒರಗಬೇಡಿ ಅಂತ ಬರ್ದಿದ್ರೆ ಅಲ್ಲಿ ಮುಂಚೆ ಯಾರೋ ಒರಗಿ ಬಿದ್ದಿರ್ತಾರೆ. ಇಲ್ಲಿ ಬಿದ್ದಿರೋದು ನೀನು. ಹೋಗು."

ಕತ್ತಿನ ಮೇಲಿದ್ದ ಅಳತೆಯ ಟೇಪನ್ನೂ ತೆಗೆಯದೆ ಓಡಿದೆ.

ಮುಚ್ಚಿಹೋದ ಮಿಲ್ಲಿನ ಅಂಗಳದಲ್ಲಿ ಡ್ರೈವಿಂಗ್ ಕಲಿಸುತ್ತಾರೆ. ಹಳೆಯ ಟೈರುಗಳನ್ನು ಸಾಲಾಗಿಟ್ಟು, ಅವುಗಳ ನಡುವೆ ಎಂಟರ ಆಕಾರಕ್ಕೆ ಸುಣ್ಣದ ಗೆರೆ ಎಳೆದಿದ್ದಾರೆ. ತಂಗಿಯ ಕಾರು ಆ ಗೆರೆಯ ಮೇಲೆ ತೆವಳುತ್ತಿತ್ತು. ನಾನು ಪಕ್ಕದಲ್ಲಿ ಬಿರಬಿರನೆ ನಡೆದರೆ ಸಾಕಾಗುವಷ್ಟು ವೇಗ. ಅವಳ ಪಕ್ಕದಲ್ಲಿ ಕೂತವರು ಬ್ರೇಕ್ ಮೇಷ್ಟ್ರು. ಅವರ ಕಾಲ ಕೆಳಗೂ ಒಂದು ಬ್ರೇಕ್ ಇರುವುದರಿಂದ, ಅದನ್ನು ಅವರು ಹಗಲೆಲ್ಲ ತುಳಿಯುವುದರಿಂದ ಶಿಷ್ಯರು ಆ ಹೆಸರಿಟ್ಟಿದ್ದರು.

"ನನ್ನದು ತಪ್ಪಾಯ್ತು ಕಣೇ!" ಎಂದೆ ಕಿಟಕಿಯ ಪಕ್ಕ ನಡೆಯುತ್ತ.

"ಪಕ್ಕಕ್ಕೆ ನೋಡ್ಬೇಡಿ ಮೇಡಂ," ಎಂದರು ಮೇಷ್ಟ್ರು ಅವಳಿಗೆ. "ದಾರಿಯಲ್ಲಿ ಜನ ಬರ್ತಾರೆ, ಏನೇನೋ ಹೇಳ್ತಾರೆ. ನೀವು ಮುಂದೆ ನೋಡಿ."

ತಂಗಿ ಮುಂದೆಯೇ ನೋಡಿದಳು. ಎಂಟರ ಒಂದು ಸುತ್ತು ಮುಗಿಯಿತು. ಎರಡನೆಯ ಸುತ್ತಿನಲ್ಲಿ ನಾನು ಎಡಗಡೆಯಿಂದ ಬಲಗಡೆಗೆ ಬಂದೆ. ಟೇಪು ಸೈಡ್ ಮಿರರ್‌ಗೆ ಸಿಕ್ಕಿಕೊಂಡಿತು. ಕಾರು ನನ್ನನ್ನು ಎಳೆದುಕೊಂಡು ಹೊರಟಿತು. ಎರಡು ಟೈರು ಉರುಳಿದವು. ಮೇಷ್ಟ್ರು ಬ್ರೇಕ್ ತುಳಿದರು.

"ಸೋಮವಾರ ನಾನು ಹೋಗಲ್ಲ," ಎಂದಳು ತಂಗಿ, ಇಳಿದು ಟೇಪು ಬಿಡಿಸುತ್ತ. "ಫೇಲಾಗೋದು ನನಗೆ ಅಭ್ಯಾಸ ಆಗಿದೆ. ಆದ್ರೆ ಈಗ ಫೇಲಾದ್ರೆ ಹದಿಮೂರು ಜನ ನಮ್ಮನೆ ಕಿಟಕಿ ಮುಂದೆ ನಿಂತು ಅವರನ್ನೇ ಕೇಳ್ತಾರೆ, ಏನಾಯ್ತಂತೆ ಅಂತ. ಅವರ ಕಣ್ಣು ಹೋಯ್ತು ಅಂತ ನಾನು ಇಷ್ಟು ಒದ್ದಾಡಿದ್ದು ಅವರಿಗೆ ಬೀದಿಯವರಿಂದ ಗೊತ್ತಾಗ್ಬೇಕಾ? ಸಾಕು ಬಿಡು."

ನನಗೆ ಆಗ ನಾಚಿಕೆಯಾಯಿತು. ಅಷ್ಟು ಹೊತ್ತು ಆಗಿದ್ದದ್ದು ಸಿಕ್ಕಿಬಿದ್ದೆನೆಂಬ ಭಯ ಮಾತ್ರ. ಆದರೂ ನನ್ನ ದರಿದ್ರ ಬಾಯಿ ಸುಮ್ಮನಿರಲಿಲ್ಲ.

"ಕ್ಷಮಿಸಿದ್ದೀನಿ ಅಂತ ಒಂದು ಮಾತು ಹೇಳಿಬಿಡೇ. ಆರೂ ಇಪ್ಪತ್ತೊಂದಕ್ಕೆ ಸೂರ್ಯ ಮುಳುಗ್ತಾನೆ. ನಿಮ್ಮ ಭಾವ ಕಾಯ್ತಿರ್ತಾರೆ."

"ನನ್ನ ಕೋಪಕ್ಕೆ ನಿಮ್ಮನೆ ಫ್ರಿಜ್ಜು ಟೈಮ್ ಇಡುತ್ತಾ?" ಎಂದಳು ಅವಳು. "ಎಚ್ಚರಿಕೆ ಇದ್ದದ್ದು ನಾಲಿಗೆಗೆ. ಅದನ್ನ ಮೂರೂವರೆ ಗಂಟೆಗೆ ಓದ್ಬೇಕಿತ್ತು."

ಬ್ರೇಕ್ ಮೇಷ್ಟ್ರು ಟೈರುಗಳನ್ನು ನೆಟ್ಟಗೆ ನಿಲ್ಲಿಸಿ ಬಂದು, ಕ್ಲಾಸು ಇನ್ನೂ ಇಪ್ಪತ್ತು ನಿಮಿಷ ಇದೆ ಎಂದರು. ನಾನು ಏನು ಮಾಡಲಿ ಹೇಳು, ಏನು ಬೇಕಾದರೂ ಮಾಡುತ್ತೇನೆ ಎಂದು ತಂಗಿಯ ಕೈ ಹಿಡಿದುಕೊಂಡೆ. ಅವಳು ಕೈ ಬಿಡಿಸಿಕೊಂಡಳು.

"ಆ ಹದಿಮೂರು ಬಾಯಿಗಳನ್ನ ನೀನೇ ಮುಚ್ಚಿಸು. ಆಮೇಲೆ ನೋಡ್ತೀನಿ. ಈಗ ಹಿಂದೆ ಕೂತ್ಕೋ. ಕ್ಲಾಸ್ ಮುಗಿಯೋವರೆಗೂ ಬಾಯಿ ಬಿಡಬಾರ್ದು."

ನನ್ನ ಜೀವನದಲ್ಲಿ ಅಷ್ಟು ಕಷ್ಟದ ಇಪ್ಪತ್ತು ನಿಮಿಷ ಬೇರೆ ಬಂದಿಲ್ಲ. ಗೋಡೆ ಬಂತು, ನಾನು ಮಾತಾಡಲಿಲ್ಲ. ಟೈರು ಬಂತು, ಸೆರಗನ್ನು ಬಾಯಿಗೆ ತುರುಕಿಕೊಂಡೆ. ಅವಳು ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ ಅರ್ಧ ಸುತ್ತು ಹೋದಳು. ನನಗೆ ವಾಸನೆ ಬಂತು, ಮೇಷ್ಟ್ರಿಗೆ ನೆಗಡಿ, ಗೊತ್ತಾಗಲಿಲ್ಲ. ನಾನು ಮೂಗು ಹಿಡಿದುಕೊಂಡು ಕೂತೆ. ಸೂರ್ಯ ತನ್ನ ಪಾಡಿಗೆ ಮುಳುಗಿದ. ತಂಗಿಯ ಮುಖ ಮಾತ್ರ ಗಂಟಿಕ್ಕಿಯೇ ಇತ್ತು.

ಮಾರನೆಯ ದಿನ ಭಾನುವಾರ, ಆರಾಧನೆ ಶುರುವಾಗುವ ಮುಂಚೆಯೇ ಸಭೆಯ ಗೇಟಿನಲ್ಲಿ ನಿಂತು ಹದಿಮೂರು ಜನರನ್ನೂ ಒಬ್ಬೊಬ್ಬರನ್ನಾಗಿ ಹಿಡಿದೆ. "ನಿನ್ನೆ ನಾನು ಮಾಡಿದ್ದು ಪ್ರಾರ್ಥನೆ ಅಲ್ಲ, ಚಾಡಿ. ಅದನ್ನ ದಯವಿಟ್ಟು ಯಾರಿಗೂ ಹೇಳ್ಬೇಡಿ" ಎಂದೆ. ಎಲ್ಲರ ಮುಖವೂ ಹುಳ್ಳಗಾಯಿತು. ನನ್ನದು ಚಾಡಿಯಾದರೆ ಅವರವರದು ಏನು ಎಂಬ ಲೆಕ್ಕ ಅವರಿಗೆ ತಟ್ಟನೆ ಹೊಳೆಯಿತು. ಪಾಸ್ಟರಮ್ಮ ಮಾತ್ರ ನನ್ನ ಬೆನ್ನು ತಟ್ಟಿದರು. ಹಾಗೆ ತಟ್ಟುತ್ತಲೇ, ರಾತ್ರಿ ತಾವು ಪಾಸ್ಟರಿಗೆ ಹೇಳಿಬಿಟ್ಟಿದ್ದಾಗಿಯೂ, ಈಗಲೇ ಹೋಗಿ ಅವರ ಬಾಯನ್ನೂ ಮುಚ್ಚಿಸುವುದಾಗಿಯೂ ಪಿಸುಗುಟ್ಟಿದರು. ಆಮೆನ್ ಅಜ್ಜಿ ಬಹಳ ಹೊತ್ತು ತಲೆ ಕೆರೆದುಕೊಂಡು, "ಹಾಗಾದ್ರೆ ಆ ಸೂಟ್‌ಕೇಸ್ ವಿಷ್ಯಾನೂ..?" ಎಂದರು. ಅದೂ ಅಜ್ಜಿ, ಎಂದೆ. "ಅಯ್ಯೋ ದೇವ್ರೇ, ಇನ್ನು ಶನಿವಾರ ಮಾಡೋದಾದ್ರೂ ಏನು?" ಎಂದು ಅವರು ನಿಜಕ್ಕೂ ದುಃಖಪಟ್ಟರು.

ಆ ಸಂಜೆ ತಂಗಿಯಿಂದ ಫೋನ್ ಬಂತು. "ನಾಳೆ ಎಂಟೂವರೆಗೆ ಬಾ. ಬಾಯಿ ಮನೇಲಿ ಇಟ್ಟು ಬಾ" ಎಂದು ಇಟ್ಟುಬಿಟ್ಟಳು.

ಸೋಮವಾರ ಟೆಸ್ಟಿನ ಮೈದಾನದಲ್ಲಿ ಸಿಮೆಂಟ್ ಬೆಂಚಿನ ಮೇಲೆ ಅವಳ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ. ಇನ್ಸ್‌ಪೆಕ್ಟರ್ ಸಾಹೇಬರು ಅವಳನ್ನು ದೂರದಿಂದಲೇ ಗುರುತಿಸಿ, ಮೊದಲು ತಮ್ಮ ಸ್ಕೂಟರನ್ನು ತಳ್ಳಿಕೊಂಡು ಹೋಗಿ ಕಟ್ಟಡದ ಹಿಂದೆ ನಿಲ್ಲಿಸಿ ಬಂದರು. ಕಾರು ಹೊರಟಿತು. ನಾನು ಕಣ್ಣು ಮುಚ್ಚಿ ಪ್ರಾರ್ಥಿಸಿದೆ, ಈ ಸಲ ಒಂದಕ್ಷರವೂ ಹೊರಗೆ ಬರದ ಹಾಗೆ. ಹಾಗೆ ಪ್ರಾರ್ಥಿಸಿ ಎಷ್ಟು ವರ್ಷವಾಗಿತ್ತೋ. ಕೇಳುವವರು ಯಾರೂ ಇಲ್ಲದಾಗ ಪ್ರಾರ್ಥನೆ ಎಷ್ಟು ಚಿಕ್ಕದಾಗಿಬಿಡುತ್ತದೆ! 'ಅವಳ ಜೊತೆ ಇರಪ್ಪ' ಎಂಬುದರ ಮುಂದೆ ನನಗೆ ಏನೂ ತೋಚಲಿಲ್ಲ.

ಕಣ್ಣು ಬಿಟ್ಟಾಗ ಕಾರು ನಿಂತಿತ್ತು. ತಂಗಿ ಮೈದಾನ ದಾಟಿ ಬರುತ್ತಿದ್ದಳು. ಹತ್ತಿರ ಬಂದವಳು ಬಗ್ಗಿ, ನನ್ನ ಕಿವಿಗೆ ಬಾಯಿಟ್ಟು ಫಲಿತಾಂಶ ಹೇಳಿದಳು. ಕೈಚೀಲ ತೆಗೆದುಕೊಂಡು ಸೀದಾ ಗಂಡನ ಹತ್ತಿರ ಹೋದಳು.

ಮನೆಗೆ ಹೊರಟ ನನಗೆ ದಾರಿಯಲ್ಲೇ ಆಮೆನ್ ಅಜ್ಜಿ ಅಡ್ಡ ಬಂದರು. "ಏನಾಯ್ತು ಮಗಳೇ? ಚಾಡಿಗಲ್ಲ, ಬರೀ ಸ್ತೋತ್ರ ಸಲ್ಲಿಸೋದಾ, ಸಮಾಧಾನ ಬೇಡೋದಾ ಅಂತ ಗೊತ್ತಾಗ್ಲಿ ಅಂತ." ನಾನು ನಕ್ಕು ಮುಂದೆ ಹೋದೆ. ಮನೆಯಲ್ಲಿ ಗಂಡ ಕೇಳಿದರು. ಅವರಿಗೂ ಹೇಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರ ಮುಖದಲ್ಲಿ ಕುತೂಹಲ ಕಂಡೆ. ಹೊಟ್ಟೆಯಲ್ಲಿ ಹಾಯೆನಿಸಿತು.

ಈಗ ನೀವೂ ಕೇಳುತ್ತೀರಿ, ನನಗೆ ಗೊತ್ತು. ಇಷ್ಟರವರೆಗೆ ಬರೆಯಲು ತಂಗಿ ಒಪ್ಪಿದ್ದಾಳೆ, ಸ್ಕೂಟರಿನ ವಿಷಯವನ್ನೂ ಸೇರಿಸಿ. ಇದರಾಚೆಗೆ ಒಂದು ಮಾತೂ ಇಲ್ಲ. ನನ್ನನ್ನು ನಂಬಿ ಐದು ಸೋಲುಗಳನ್ನು ನನ್ನೊಬ್ಬಳ ಕಿವಿಗೆ ಹಾಕಿದ್ದಳು, ಅವನ್ನು ನಾನು ಹದಿಮೂರು ಜನಕ್ಕೆ ಹಂಚಿದೆ. ಅಷ್ಟಾದ ಮೇಲೂ ಅವಳು ಆರನೆಯದನ್ನು, ಗಂಡನಿಗಿಂತ ಮೊದಲು, ಬಂದು ನನ್ನ ಕಿವಿಗೇ ಹೇಳಿದಳು.