ಅಕ್ಕ ಕಾದಿದ್ದ ಸಂಜೆ

ಹೊಲಿಗೆ ಯಂತ್ರ ನಿಲ್ಲಿಸದೆಯೇ ಅಕ್ಕ ತಮ್ಮನ ಮಾತು ಕೇಳಿಸಿಕೊಂಡಿದ್ದಳು. ಒಂದು ಕಾಲಕ್ಕೆ ನಾಡನ್ನೇ ಆಳಿದವನು ಬೆಳಿಗ್ಗೆ ಬಂದು, ಬಟ್ಟೆಚೂರುಗಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೇ ಒಂದು ಮಾತು ಬೇಡಿದ್ದ: ಗಿರಣಿ ಬಾಗಿಲಲ್ಲಿ ಕೂಲಿಯವರ ಮೇಲೆ ಗುಂಡು ಹಾರಿದ ಸಂಜೆ ತಾನು ಈ ಮನೆಯಲ್ಲಿದ್ದೆನೆಂದು ಅವಳು ಹೇಳಬೇಕು. ಹೇಳದಿದ್ದರೆ ಗುಂಡಿಗೆ ಅಪ್ಪಣೆ ಕೊಟ್ಟ ಪಾಪ ತನ್ನ ತಲೆಗೇ, ಮುಂದಿನ ದಾರಿ ಜೈಲಿಗೇ. ಅಕ್ಕ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ತಾಯಿಯಿಲ್ಲದ ಕೂಸನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವನ ಕಣ್ಣಲ್ಲಿ ನೀರು ಕಂಡರೆ ಕೇಳಿದ್ದನ್ನು ಕೊಟ್ಟೇಬಿಡುವವಳು.

ಮಧ್ಯಾಹ್ನ, ಈ ತನಿಖೆಗೆಂದೇ ನೇಮಕವಾದ ವಿಶೇಷ ಸರ್ಕಾರಿ ವಕೀಲೆ ಬೆರಳಚ್ಚುಗಾರನೊಡನೆ ಬಂದಳು.

"ತಮ್ಮನ್ನ ಒಳಗೆ ಹಾಕೋಕೆ ಅಕ್ಕನ ಮನೇನೇ ಹುಡುಕಿಕೊಂಡು ಬಂದ್ಯಾ? ಗಟ್ಟಿಗಿತ್ತಿ ಕಣಮ್ಮ ನೀನು," ಎಂದಳು ಅಕ್ಕ, ಹೊಲಿಯುತ್ತಲೇ.

ಕೇಳುವುದಷ್ಟೇ ತನ್ನ ಕೆಲಸ, ಉಳಿದದ್ದು ಕೋರ್ಟಿನದು ಎಂದ ವಕೀಲೆ, ತಮ್ಮನ ಹೇಳಿಕೆಯನ್ನು ನಿಧಾನವಾಗಿ ಓದಿದಳು. ಅಂದು ಭಾವ ತೀರಿಕೊಂಡು ವರ್ಷ ತುಂಬಿದ ದಿನವಂತೆ. ಅಕ್ಕ ಬಡಿಸಿದಳಂತೆ, ಅವನು ಎದುರಿಗೆ ಕೂತು ಉಂಡನಂತೆ, ಭಾವನನ್ನು ನೆನೆದು ಇಬ್ಬರೂ ಅತ್ತರಂತೆ.

ಯಂತ್ರ ನಿಂತಿತು.

ಅಂದು ಬಂದೇ ಬರುತ್ತೇನೆಂದು ಅವನು ಮಾತು ಕೊಟ್ಟಿದ್ದು ನಿಜ. ಎರಡು ತಟ್ಟೆ ಇಟ್ಟುಕೊಂಡು, ಬಾಗಿಲಿಗೆ ಕಣ್ಣು ನೆಟ್ಟು ಅವಳು ಕೂತಿದ್ದಳು. ಬಡಿಸಬೇಕಾದ್ದು ಆರಿತು, ಬೀದಿದೀಪ ಹೊತ್ತಿತು, ತಮ್ಮ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಅವನು ಹೇಳಲಿಲ್ಲ. ದೊಡ್ಡವರಿಗೆ ಸಾವಿರ ತಾಪತ್ರಯ ಎಂದು ಅವಳೂ ನುಂಗಿಕೊಂಡಿದ್ದಳು. ಈಗ, ತಾನು ಒಬ್ಬಳೇ ಅತ್ತ ಆ ಸಂಜೆಯನ್ನು ಅವನು ತನ್ನ ತಪ್ಪಿಗೆ ಮರೆಯಾಗಿ ಎಳೆದುಕೊಳ್ಳುತ್ತಿದ್ದ. ಗಿರಣಿ ಬಾಗಿಲಲ್ಲಿ ಬಿದ್ದವರ ಮನೆಗಳಲ್ಲೂ ಅಂದು ಯಾರೋ ತಟ್ಟೆ ಇಟ್ಟುಕೊಂಡು ಕಾದಿದ್ದರಲ್ಲವೇ?

"ಬರ್ಕೊಳಪ್ಪ," ಎಂದಳು ಬೆರಳಚ್ಚುಗಾರನಿಗೆ. "ಅವನು ಬರಲಿಲ್ಲ. ನಾನು ಕಾದೆ."

ಇದನ್ನೇ ಕೋರ್ಟಿನಲ್ಲಿ ಅವನ ಎದುರು ನಿಂತು ಹೇಳಬೇಕಾದೀತೆಂದು ವಕೀಲೆ ಎಚ್ಚರಿಸಿದಳು.

"ಇದ್ದದ್ದು ಇದ್ದ ಹಾಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೀಲಿ ಬಿಡಮ್ಮ. ಚಿಕ್ಕವನಿದ್ದಾಗ ಸೊಂಟದ ಮೇಲೆ ಕೂತು ಬೇಕಾದಷ್ಟು ಒದ್ದಿದ್ದಾನೆ."

ಬರೆದದ್ದನ್ನು ಮತ್ತೊಮ್ಮೆ ಓದಿಸಿ, ಕಣ್ಣು ಮುಚ್ಚಿ ಕೇಳಿ, ರುಜು ಹಾಕಿದಳು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ತಮ್ಮನದೇ. ವಕೀಲೆ ಏಳಹೊರಟಳು, ಅಕ್ಕ ಕೈಸನ್ನೆಯಲ್ಲೇ ಅವಳನ್ನು ಕೂರಿಸಿ ಫೋನ್ ಎತ್ತಿದಳು.

"ನೀನು ಬರಲಿಲ್ಲ ಅಂತ ಹೇಳಿದೀನಿ ಕಣೋ."

ಅಕ್ಕ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ಇವತ್ತು ಊಟಕ್ಕೆ ಬಾ, ಬಡಿಸ್ತೀನಿ. ಅವತ್ತಿನ ಊಟ ಮಾತ್ರ ನೀನು ಉಂಡಿಲ್ಲ."